ಗುಬ್ಬಿಯ ಸೀನು, ಅಪ್ಪನ ಮೀಸೆ

ಮರಗಳಿಗೆ ಬುದ್ಧಿ ಇಲ್ಲ ಎಂಬ ತೀರ್ಮಾನಕ್ಕೆ ಮೀಸೆ ಮಾಸ್ಟರು ಬಂದು ಹದಿನೈದು ದಿನವಾಗಿತ್ತು. ಬುದ್ಧಿಯಿದ್ದಿದ್ದರೆ, ವರ್ಷಕ್ಕೆ ಹನ್ನೆರಡು ತಿಂಗಳಿರುವಾಗ, ಮಗಳು ಗುಬ್ಬಿಯ ಶಾಲೆಯ ವಾರ್ಷಿಕೋತ್ಸವದ ತಿಂಗಳಲ್ಲೇ ಹೂ ಬಿಟ್ಟು ಬೀದಿಗೆಲ್ಲ ಹಳದಿ ಪುಡಿ ಉದುರಿಸುತ್ತಿದ್ದವೇ?

ಮಾಸ್ಟರೆಂದರೆ ಪಾಠ ಹೇಳುವ ಮಾಸ್ಟರಲ್ಲ; ಬಸ್ ನಿಲ್ದಾಣದ ಹಿಂದಿನ ಸಲೂನಿನ ಒಡೆಯರು. ಅಂಗಡಿಗೆ ಬೋರ್ಡಿಲ್ಲ, ಅವರ ಮೀಸೆಯೇ ಬೋರ್ಡು. ಎರಡೂ ತುದಿಗೆ ಮೇಣ ಹಚ್ಚಿ ಮೇಲಕ್ಕೆ ತಿರುವಿದ ಆ ಮೀಸೆ ನೋಡಿದ ಮೇಲೆಯೇ ಗಿರಾಕಿಗಳು ಧೈರ್ಯವಾಗಿ ತಲೆ ಒಪ್ಪಿಸುತ್ತಿದ್ದರು. ಅವರ ಹೆಂಡತಿಯನ್ನು ಬೀದಿಯವರೆಲ್ಲ 'ಮೀಸೆಯಮ್ಮ' ಎಂದೇ ಕರೆಯುತ್ತಿದ್ದರು. (ಇದು ಅವಳಿಗೆ ಸಿಗುತ್ತಿದ್ದ ಗೌರವವೆಂದು ಮಾಸ್ಟರು ತಿಳಿದುಕೊಂಡಿದ್ದರು.)

ಗುಬ್ಬಿ ಅವರ ಒಬ್ಬಳೇ ಮಗಳು, ಎಂಟು ವರ್ಷ. ಹೋದ ವರ್ಷದ ನಾಟಕದಲ್ಲಿ ಪರದೆಯ ಹಿಂದೆ ನಿಂತು ಗಾಳಿಯ ಸದ್ದು ಮಾಡಿದ್ದಳು. ಈ ವರ್ಷ ಬಡ್ತಿ ಸಿಕ್ಕಿ ಅರಮನೆಯ ಕಾವಲುಗಾರನಾಗಿದ್ದಳು. ಮಾತೇನೂ ಇಲ್ಲ, ಈಟಿ ಹಿಡಿದು ಇಪ್ಪತ್ತು ನಿಮಿಷ ಅಲ್ಲಾಡದೆ ನಿಂತರಾಯಿತು. ಆದರೆ ಅಭ್ಯಾಸದ ದಿನ ಕಾವಲುಗಾರ ಹನ್ನೊಂದು ಸಲ ಸೀನಿದ. ಬೆಚ್ಚಿದ ಮಹಾರಾಜರ ಕಿರೀಟ ಮಂತ್ರಿಯ ಕಾಲಿನ ಮೇಲೆ ಬಿತ್ತು. ವಾರ್ಷಿಕೋತ್ಸವದ ಶನಿವಾರದೊಳಗೆ ಸೀನು ನಿಲ್ಲದಿದ್ದರೆ ಬೇರೆ ಹುಡುಗಿಯನ್ನು ನಿಲ್ಲಿಸುವುದಾಗಿ ನಾಟಕದ ಟೀಚರ್ ಹೇಳಿಬಿಟ್ಟರು. ಗುಬ್ಬಿ ಮನೆಗೆ ಬಂದು ಅಳುತ್ತ ಸೀನಿದಳು, ಸೀನುತ್ತ ಅತ್ತಳು. ಮಾಸ್ಟರು ಆಗಲೇ ಅವಳನ್ನು ಡಾಕ್ಟರ ಹತ್ತಿರ ಕರೆದೊಯ್ದರು.

"ಇದು ಹೂವಿನ ಪುಡಿಯ ಅಲರ್ಜಿ," ಎಂದರು ಡಾಕ್ಟರು. "ಔಷಧಿ ಕೊಡ್ತೀನಿ. ಬೆಳಗ್ಗೆ ಕಿಟಕಿ ಮುಚ್ಚಿಡಿ, ಬಟ್ಟೆ ಹೊರಗೆ ಒಣಗಿಸ್ಬೇಡಿ. ಕೂದಲಿಗೆ ಅಂಟ್ಕೊಂಡೂ ಈ ಪುಡಿ ಮನೆಯೊಳಗೆ ಬರುತ್ತೆ, ಅದರ ಕಡೆ ಸ್ವಲ್ಪ ಗಮನ ಇರ್ಲಿ."

ಬೇರೆ ಯಾವ ತಂದೆಯಾದರೂ ಶಾಂಪೂ ಕೊಳ್ಳುತ್ತಿದ್ದ. ಮಾಸ್ಟರಿಗೆ ಕೂದಲೆಂದರೆ ಕತ್ತರಿ. ಮರುದಿನವೇ ಅವರ 'ಅಖಿಲ ಗೃಹ ಕೇಶ ನಿರ್ಮೂಲನಾ ಅಭಿಯಾನ' ಆರಂಭವಾಯಿತು.

ಮೊದಲ ಆಹುತಿ ಮನೆಯ ಜೂಲುನಾಯಿ. ಬೋಳಾದ ಮೇಲೆ ಅದು ಬೀರುವಿನ ಕನ್ನಡಿಯಲ್ಲಿ ತನ್ನನ್ನೇ ಕಂಡು ಬೊಗಳಿತು, ಆಮೇಲೆ ನಾಚಿಕೊಂಡು ಮಂಚದಡಿ ಸೇರಿತು. ಗುಬ್ಬಿಯ ಜಡೆ ಕಿವಿಯವರೆಗೆ ಬಂತು. ಎರಡು ದಿನ ಇದ್ದು ಹೋಗೋಣವೆಂದು ಬಂದಿದ್ದ ಗುಂಗುರು ಕೂದಲಿನ ಭಾವಮೈದುನ ನುಣ್ಣಗಾಗಿ, ಒಂದೇ ದಿನಕ್ಕೆ ಊರಿಗೆ ಹೊರಟುಹೋದ. ಬಾಗಿಲ ಬಳಿಯ ಚಾಪೆಯ ಕುಚ್ಚುಗಳನ್ನೂ ಮಾಸ್ಟರು ಬಿಡಲಿಲ್ಲ. ಕಡೆಗೆ ಅವರ ಕಣ್ಣು ಹೆಂಡತಿಯ ಜಡೆಯ ಮೇಲೆ ಬಿತ್ತು.

"ಮುಟ್ಟಿ ನೋಡಿ," ಎಂದಳು ಅವಳು, ಹೊಲಿಗೆ ಯಂತ್ರದಿಂದ ತಲೆ ಎತ್ತದೆ. ಕಾವಲುಗಾರನ ಕೋಟು ಹೊಲಿಯುತ್ತಿದ್ದಳು.

"ಮಗಳಿಗಿಂತ ನಿನಗೆ ಜಡೆ ಹೆಚ್ಚಾಯ್ತೇನೇ?"

"ದಿನಾ ತಲೆ ತೊಳ್ಕೊಂಡೇ ಮಲಗ್ತಿದೀನಲ್ಲ. ಅಡುಗೆ ಮಾಡ್ಕೊಳ್ಳೋಕೆ ಬರುತ್ತಾ ನಿಮಗೆ? ಬಂದ್ರೆ ಕತ್ತರಿ ತನ್ನಿ."

ಮಾಸ್ಟರು ಕತ್ತರಿಯನ್ನು ಜೇಬಿಗಿಳಿಸಿದರು.

ಇಷ್ಟಾದರೂ ಸೀನು ಪೂರ್ತಿ ನಿಲ್ಲಲಿಲ್ಲ. ಔಷಧಿಯಿಂದ ಹಗಲೆಲ್ಲ ಹಾಯಾಗಿರುವ ಮಗು, ಸಂಜೆ ಏಳಾಯಿತೆಂದರೆ ಮತ್ತೆ ಶುರು. ಮಾಸ್ಟರು ಕಿಟಕಿ ಸಂದಿಗಳಿಗೆ ಕಾಗದ ಅಂಟಿಸಿದರು, ದಿಂಬು ಬದಲಿಸಿದರು, ಪಕ್ಕದ ಮನೆಯವರ ಹೂಕುಂಡದ ಮೇಲೆ ಬೆಡ್‌ಶೀಟ್ ಹೊದಿಸಲು ಹೋಗಿ ಬೈಸಿಕೊಂಡರು.

ಗುರುವಾರ ಸಂಜೆ ಹೆಂಡತಿ ಕೇಳಿದಳು, "ರೀ, ನೀವು ಬರೋವರೆಗೂ ಮಗು ಚೆನ್ನಾಗೇ ಇರ್ತಾಳೆ, ಗಮನಿಸಿದ್ರಾ?"

"ಅಂದ್ರೆ?"

ಅವಳು ಒಂದು ಬಿಳಿ ಕರವಸ್ತ್ರ ತಂದು ಮಾಸ್ಟರ ಮೀಸೆಯನ್ನು ಒಂದು ಸಲ ಒರೆಸಿ ತೋರಿಸಿದಳು. ಬಟ್ಟೆ ಹಳದಿಯಾಗಿತ್ತು. ಹೂ ಬಿಟ್ಟ ಮರಗಳ ಕೆಳಗೆ ಸ್ಕೂಟರಿನಲ್ಲಿ ಬರುವಾಗ ಮೇಣದ ಮೀಸೆ ದಾರಿಯುದ್ದಕ್ಕೂ ಪುಡಿ ಬಾಚಿಕೊಂಡು ಬರುತ್ತಿತ್ತು. ಬಂದೊಡನೆ ಮಾಸ್ಟರು ಅದನ್ನು ಮಗಳ ಕೆನ್ನೆಗೆ ತಿಕ್ಕಿ ಮುದ್ದಾಡುತ್ತಿದ್ದರು.

ಶುಕ್ರವಾರ ಅಂಗಡಿಯಲ್ಲಿ ಗಿರಾಕಿಗಳ ಸಾಲು. ಹೆಂಡತಿಯೇ ಮಗಳನ್ನು ಡಾಕ್ಟರಿಗೆ ತೋರಿಸಿಕೊಂಡು ಬಂದಳು.

"ಮೀಸೆ ವಿಷಯ ಕೇಳಿದ್ಯಾ?" ಎಂದರು ಮಾಸ್ಟರು, ಸಂಜೆ ಮನೆಯ ಬಾಗಿಲಾಚೆಯೇ ನಿಂತು.

"ಕೇಳ್ದೆ. ಅದರಿಂದ್ಲೇ ಇರ್ಬೇಕು ಅಂದ್ರು."

"ಹಾಗಾದ್ರೆ ಏನು ಮಾಡ್ಬೇಕಂತೆ?"

ಹೆಂಡತಿ ಮಂಚದಡಿಯ ಬೋಳು ನಾಯಿಯನ್ನೊಮ್ಮೆ, ಗಂಡನನ್ನೊಮ್ಮೆ ನೋಡಿ ನಿಟ್ಟುಸಿರು ಬಿಟ್ಟಳು. ಮಾಸ್ಟರಿಗೆ ಅರ್ಥವಾಯಿತು.

ಅಂದು ಅವರು ಮಗಳನ್ನು ಮುಟ್ಟಲಿಲ್ಲ. ಗುಬ್ಬಿ ಸೀನಲೂ ಇಲ್ಲ. ಹೀಗೆಯೇ ದೂರದಲ್ಲಿದ್ದು ಮೀಸೆ ಉಳಿಸಿಕೊಳ್ಳಬಹುದಿತ್ತು. ಆದರೆ ನಾಟಕ ಮುಗಿದ ಮೇಲೆ ಮಗಳನ್ನು ಎತ್ತಿಕೊಳ್ಳಬೇಡವೇ? ಶನಿವಾರ ಗುಬ್ಬಿ ಶಾಲೆಗೆ ಹೋದ ಮೇಲೆ ಮಾಸ್ಟರು ಅಂಗಡಿಯ ಬಾಗಿಲು ಹಾಕಿಕೊಂಡು ತಮ್ಮದೇ ಕುರ್ಚಿಯಲ್ಲಿ ಕುಳಿತರು. ಸಾವಿರಾರು ಗಲ್ಲ ಬೋಳಿಸಿದ ಕೈ ಆವತ್ತು ಎರಡು ಸಲ ಕತ್ತಿ ಕೆಳಗಿಟ್ಟು ಮೂರನೆಯ ಸಲ ಎತ್ತಿಕೊಂಡಿತು. ಕಣ್ಣಲ್ಲಿ ಬಂದ ನೀರಿಗೆ ಸೋಪೇ ಕಾರಣ ಎಂದು ಕನ್ನಡಿಗೆ ಹೇಳಿಕೊಂಡರು.

ಸಂಜೆ ಪರದೆ ಸರಿಯಿತು. ಕೋಟು ತೊಟ್ಟ ಗುಬ್ಬಿಯ ತುಟಿಯ ಮೇಲೆ ಟೀಚರ್ ಇದ್ದಿಲಿನಲ್ಲಿ ಮೀಸೆ ಬರೆದಿದ್ದರು. ಎರಡೂ ತುದಿ ಮೇಲಕ್ಕೆ ತಿರುವಿತ್ತು. ಅಪ್ಪನದೇ ಬೇಕೆಂದು ಹಟ ಮಾಡಿ ಬರೆಸಿಕೊಂಡಿದ್ದಳಂತೆ. ಅವಳ ಕಣ್ಣು ಸಾಲು ಸಾಲಾಗಿ ಮೀಸೆ ಹುಡುಕಿತು. ಮುಂದಿನ ಸಾಲಿನಲ್ಲೇ ಇದ್ದ ಅಪ್ಪನನ್ನು ದಾಟಿಹೋಯಿತು. ತುಟಿ ಅದುರತೊಡಗಿತು. ಮಾಸ್ಟರು ಎದ್ದು ನಿಂತು, ಇಲ್ಲದ ಮೀಸೆಯನ್ನು ಗಾಳಿಯಲ್ಲೇ ತಿರುವಿದರು. ಗುಬ್ಬಿಯ ಕಣ್ಣರಳಿತು. ಈಟಿ ಒಮ್ಮೆ ನಡುಗಿ ನೆಟ್ಟಗಾಯಿತು. ಆಮೇಲೆ ಇಪ್ಪತ್ತು ನಿಮಿಷ ಅರಮನೆಯ ಬಾಗಿಲಲ್ಲಿ ಒಂದು ಸೀನೂ ಇಲ್ಲ.

ನಾಟಕ ಮುಗಿದದ್ದೇ ಮಾಸ್ಟರು ಓಡಿಹೋಗಿ ಮಗಳನ್ನು ಎತ್ತಿ ಕೆನ್ನೆಗೆ ಕೆನ್ನೆ ಒತ್ತಿದರು. ಮಗಳು ನಕ್ಕಳೇ ಹೊರತು ಸೀನಲಿಲ್ಲ. ಮಾಸ್ಟರಿಗೆ ಜನ್ಮ ಸಾರ್ಥಕವಾದಂತಾಯಿತು.

ಮಹಾರಾಜನ ಕೈ ಹಿಡಿದು ಡಾಕ್ಟರು ಎದುರು ಬಂದರು. ಅವರ ಮಗನೇ ರಾಜ. "ಅಲ್ರೀ, ಮೀಸೆ ಎಲ್ಲಿ ಹೋಯ್ತು?"

"ನೀವೇ ತೆಗೆಸಿದ್ರಲ್ಲ ಡಾಕ್ಟ್ರೇ."

"ನಾನಾ? ಮನೆಗೆ ಬಂದ ಕೂಡ್ಲೇ ಸೋಪು ಹಾಕಿ ಮುಖ ತೊಳ್ಕೊಂಡ್ರೆ ಸಾಕು ಅಂತ ನಿಮ್ಮ ಮನೆಯವರ ಹತ್ರ ಹೇಳಿ ಕಳಿಸಿದ್ನಲ್ಲ?"

ಮಾಸ್ಟರು ನಿಧಾನವಾಗಿ ಹೆಂಡತಿಯ ಕಡೆ ತಿರುಗಿದರು. ಅವಳು ಗಂಡನ ಬೋಳು ತುಟಿಯನ್ನು, ಹೊಸ ಮದುಮಗನನ್ನು ನೋಡುವವಳಂತೆ, ಕಣ್ತುಂಬ ನೋಡುತ್ತಿದ್ದಳು.

"ಹನ್ನೆರಡು ವರ್ಷದಿಂದ ನನಗೂ ಒಂದು ಅಲರ್ಜಿ ಇತ್ತು ರೀ," ಎಂದಳು. "ಯಾರ ಹತ್ರ ಹೇಳ್ಕೊಳ್ಳಲಿ?"