ಸರ್ವರ್ ಹೋಯಿತು, ಸೇಠ್ ಬಂದರು

ಆಪತ್ತಿಗೆ ಮೊದಲೇ ತಯಾರಿ ಮಾಡಿಸುವುದು ನನ್ನ ಕೆಲಸವಾಗಿತ್ತು. ಈ ಕೆಲಸದಲ್ಲಿ ಆಪತ್ತು ಬರುವುದು ಅಪರೂಪ, ಅದರ ತಯಾರಿಯಲ್ಲೇ ಆಗುವ ಫಜೀತಿ ಮಾತ್ರ ವಾರಕ್ಕೊಂದು. ಗುಜರಾತಿನಲ್ಲಿ ಭೂಕಂಪವಾದ ಮೇಲೆ ಅಲ್ಲಿನ ಕಂಪನಿಗಳಿಗೆಲ್ಲ ಒಟ್ಟಿಗೇ ದಿಗಿಲು ಹುಟ್ಟಿತ್ತು. ಕಟ್ಟಡ ಬಿದ್ದರೆ, ಕಂಪ್ಯೂಟರ್ ಕೆಟ್ಟರೆ ವ್ಯವಹಾರ ನಿಲ್ಲದ ಹಾಗೆ ಪ್ಲಾನ್ ಬರೆದುಕೊಡಿ ಎಂದು ಅಹಮದಾಬಾದಿನ ನಮ್ಮ ಪುಟ್ಟ ಆಫೀಸಿಗೆ ಬರುತ್ತಿದ್ದರು. ತುಮಕೂರಿನಿಂದ ಹೋದ ನನ್ನನ್ನು ಎಲ್ಲರೂ 'ಬೆನ್' ಎನ್ನುತ್ತಿದ್ದರು. ಬೆನ್ ಎಂದರೆ ಅಕ್ಕ. ಐವತ್ತು ದಾಟಿದವರೂ ಹಾಗೇ ಕರೆಯುತ್ತಿದ್ದರು.

ಐದು ಕಿಲೋಮೀಟರ್ ದೂರ

ಅಹಮದಾಬಾದಿನಲ್ಲೇ ಒಂದು ಪಂಪ್ ತಯಾರಿಸುವ ಕಂಪನಿ. ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವರು ಒಬ್ಬ ಹಿರಿಯ ಗುಮಾಸ್ತರು. "ವಾರಕ್ಕೊಮ್ಮೆ ಎಲ್ಲ ಲೆಕ್ಕ, ಆರ್ಡರುಗಳನ್ನು ಸಿಡಿಗೆ ಹಾಕಿ ಆಫೀಸಿನಿಂದ ಐದು ಕಿಲೋಮೀಟರ್ ದೂರ ಇಡಬೇಕು" ಎಂದು ಬರೆದುಕೊಟ್ಟೆ. ಆರು ತಿಂಗಳ ಮೇಲೆ ತಪಾಸಣೆಗೆ ಹೋದರೆ ಅವರು ಎದೆಯುಬ್ಬಿಸಿ, "ಒಂದು ಶನಿವಾರವೂ ತಪ್ಪಿಸಿಲ್ಲ ಬೆನ್. ಎಲ್ಲ ನಮ್ಮ ಮನೆಯಲ್ಲಿವೆ" ಎಂದರು.

"ನೋಡಬಹುದಾ?"

ತಮ್ಮ ಸ್ಕೂಟರಿನಲ್ಲೇ ಕರೆದುಕೊಂಡು ಹೋದರು. ಕಪಾಟು ತೆಗೆದರೆ ಖಾಲಿ. ಮುಖ ಬಿಳಿಚಿಕೊಂಡು ಅಮ್ಮನನ್ನು ಕೂಗಿದರು. ತಾರಸಿಯಿಂದ ಉತ್ತರ ಬಂತು. ಮೇಲೆ ಹತ್ತಿ ನೋಡಿದರೆ ಹಪ್ಪಳ ಒಣಗಿಸಿದ್ದಾರೆ, ಮೇಲೆ ಹಗ್ಗ ಕಟ್ಟಿದ್ದಾರೆ, ಹಗ್ಗದ ತುಂಬ ಕಂಪನಿಯ ಇಪ್ಪತ್ತಾರು ಸಿಡಿಗಳು ಬಿಸಿಲಿಗೆ ಥಳಥಳ ಹೊಳೆಯುತ್ತ ತಿರುಗುತ್ತಿವೆ! ಒಂದು ಪಾರಿವಾಳವೂ ಹತ್ತಿರ ಸುಳಿದಿರಲಿಲ್ಲ.

ಗುಮಾಸ್ತರು ತಲೆಯ ಮೇಲೆ ಕೈ ಹೊತ್ತು ಕೂತರು. ಇವುಗಳನ್ನು ಮನೆಗೆ ತರಿಸಿದ್ದು ನಾನೇ ಎಂದು ತಿಳಿದ ಆ ಅಜ್ಜಿಗೆ ಬಲು ಸಂತೋಷ. ನನ್ನ ಕೈ ಹಿಡಿದು ಹೇಳಿದರು: "ಬಹಳ ಒಳ್ಳೇ ಸಾಮಾನು ಬೆನ್. ಆದರೆ ಒಂದು ಕಡೆ ಏನೇನೋ ಬರೆದು ಹಾಳು ಮಾಡ್ತೀರಿ. ಬರೀಬೇಡಿ. ಎರಡೂ ಕಡೆ ಹೊಳೆದರೆ ಹಕ್ಕಿ ಇನ್ನೂ ಹೆದರ್ತಾವೆ."

ಸೈರನ್

ವಡೋದರಾದ ಗೋರ್ವಾದಲ್ಲಿ ಒಂದು ಔಷಧ ಕಾರ್ಖಾನೆ. ಅನಿಲ ಸೋರಿದರೆ ಸೈರನ್ ಕೂಗಬೇಕು, ಎಲ್ಲರೂ ಐದು ನಿಮಿಷದೊಳಗೆ ಗೇಟಿನಾಚೆಯ ಮೈದಾನಕ್ಕೆ ಹೋಗಬೇಕು. ಮೊದಲ ಅಣಕು ಪರೀಕ್ಷೆಯ ದಿನ ಮ್ಯಾನೇಜರೂ ನಾನೂ ಗಡಿಯಾರ ಹಿಡಿದು ಮೈದಾನದಲ್ಲಿ ನಿಂತೆವು. ಸೈರನ್ ಕೂಗಿತು. ಐದು ನಿಮಿಷವಾಯಿತು, ಹತ್ತಾಯಿತು. ಒಂದು ನರಪಿಳ್ಳೆಯೂ ಬರಲಿಲ್ಲ.

ಗಾಬರಿಯಾಗಿ ಒಳಗೆ ಓಡಿದೆವು. ರಾಸಾಯನಿಕದ ಡ್ರಮ್ಮುಗಳ ಪಕ್ಕದ ನೆರಳಿನಲ್ಲಿ ಕಾರ್ಮಿಕರೆಲ್ಲ ಸಾಲಾಗಿ ಕೂತು ಡಬ್ಬಿ ಬಿಚ್ಚಿದ್ದಾರೆ. ಆಗ ತಿಳಿಯಿತು: ಊಟದ ಸೈರನ್ನೂ ಆಪತ್ತಿನ ಸೈರನ್ನೂ ಒಂದೇ!

ಮ್ಯಾನೇಜರ್ ಸಿಡಿಮಿಡಿಗೊಂಡು, "ಗಂಟೆ ಇನ್ನೂ ಹನ್ನೊಂದು! ಇಷ್ಟು ಬೇಗ ಊಟ ಅಂದರೆ ಏನೋ ಆಗಿದೆ ಅಂತ ನಿಮಗೆ ಅನುಮಾನ ಬರಲಿಲ್ಲವಾ?" ಎಂದು ಕೇಳಿದರು.

ಹಿರಿಯ ಕಾರ್ಮಿಕನೊಬ್ಬ ರೊಟ್ಟಿ ಮುರಿಯುತ್ತಲೇ ವಿನಯವಾಗಿ ಉತ್ತರಿಸಿದ: "ಬಂತು ಸಾಹೇಬ್. ಹೊಸ ಮ್ಯಾನೇಜರ್ ಬಂದಿರಬೇಕು, ಒಳ್ಳೆಯವರಿರಬೇಕು ಅಂದುಕೊಂಡ್ವಿ."

ಎದುರು ಹೋಟೆಲು

ನಮ್ಮ ಆಫೀಸಿನ ಕೆಳಗೆ ಕುಂದಾಪುರದ ಕಡೆಯವರೊಬ್ಬರ ಉಡುಪಿ ಹೋಟೆಲಿತ್ತು. ರಸ್ತೆಯಾಚೆ ಅವರ ಊರಿನವರದೇ ಇನ್ನೊಂದು. ಎರಡೂ ಹೋಟೆಲಿನವರು ಹಾವು ಮುಂಗುಸಿ ಎಂದೇ ಗಿರಾಕಿಗಳೆಲ್ಲ ನಂಬಿದ್ದರು.

ಒಂದು ದಿನ ಕೆಳಗಿನ ಹೋಟೆಲಿನಲ್ಲಿ ನನ್ನ ಪ್ಲಾನಿನ ಪುಸ್ತಕ ತೋರಿಸಿ ಕೆಲಸ ಏನೆಂದು ವಿವರಿಸಿದೆ. ಯಜಮಾನರು ನಕ್ಕರು. "ಇದಕ್ಕೆಲ್ಲ ಪುಸ್ತಕ ಎಂತಕ್ಕೆ ಮಾರಾಯ್ರೆ? ನಮ್ಮಲ್ಲಿ ಏನಾದರೂ ಕೈಕೊಟ್ಟರೆ ಎದುರಿನವರು ಹಿಂಬಾಗಿಲಿಂದ ಕಳಿಸ್ತಾರೆ. ಅವರದ್ದು ಕೈಕೊಟ್ಟರೆ ನಾವು. ಗಿರಾಕಿಗೆ ಗೊತ್ತಾಗ್ಲಿಕ್ಕಿಲ್ಲ."

ಮರುವಾರವೇ ಅದನ್ನು ಕಣ್ಣಾರೆ ಕಂಡೆ. ಬೆಳಿಗ್ಗೆ ಸಾಂಬಾರಿನ ದೊಡ್ಡ ಪಾತ್ರೆಯೇ ಮಗುಚಿಬಿದ್ದಿತ್ತು. ಎಂಟು ನಿಮಿಷದಲ್ಲಿ ಹಿಂಬಾಗಿಲಿನಿಂದ ಎದುರಿನವರ ಸಾಂಬಾರು ಬಂತು. ಒಬ್ಬ ಗಿರಾಕಿಯೂ ಕಾಯಲಿಲ್ಲ. ಅಷ್ಟು ಚೊಕ್ಕವಾದ ಪ್ಲಾನನ್ನು ನಾನು ಯಾವ ಕಂಪನಿಗೂ ಬರೆದುಕೊಟ್ಟಿರಲಿಲ್ಲ. ಮೆಚ್ಚಿ ಹೇಳಬೇಕು ಎನ್ನುವಷ್ಟರಲ್ಲಿ ದಿನವೂ ಬರುವ ನಿವೃತ್ತ ಮೇಷ್ಟರೊಬ್ಬರು ಕೈತೊಳೆದು ಗಲ್ಲಾದ ಹತ್ತಿರ ಬಂದರು. ಹತ್ತು ವರ್ಷದ ಗಿರಾಕಿ ಅವರು.

"ಸಾಂಬಾರು ಅಂದರೆ ಇವತ್ತಿನದು! ಅಡುಗೆಯವರನ್ನು ಬದಲಾಯಿಸಿದಿರಾ? ಇವರನ್ನು ಮಾತ್ರ ಬಿಡಬೇಡಿ."

ಅವರು ಹೋದ ಮೇಲೆ ಯಜಮಾನರು ನನ್ನತ್ತ ಬಗ್ಗಿ ಪಿಸುಗುಟ್ಟಿದರು: "ಈ ನಮೂನೆಯ ಆಪತ್ತಿಗೆ ನಿಮ್ಮ ಪುಸ್ತಕದಲ್ಲಿ ಎಂತಾದರೂ ಉಂಟಾ?"

ಸೂರತ್ತಿನ ಸರಪಳಿ

ಸೂರತ್ತಿನ ಸೀರೆ ಕಾರ್ಖಾನೆಯೊಂದರ ಸೇಠ್‌ಗೆ ಫೋನ್ ಸರಪಳಿ ಮಾಡಿಕೊಟ್ಟಿದ್ದೆ. ಆಪತ್ತು ಬಂದರೆ ಸೇಠ್ ಒಬ್ಬರಿಗೆ ಫೋನ್ ಮಾಡುವುದು, ಅವರು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ. ಎಲ್ಲರೂ ಸೇಠ್‌ರ ಹಳೇ ಮನೆಯಲ್ಲಿ ಸೇರಬೇಕು. ಅಲ್ಲಿ ಇನ್ನೊಂದು ಕಂಪ್ಯೂಟರ್ ಇಟ್ಟಿತ್ತು.

ಪರೀಕ್ಷೆ ಮಾಡಲು ಒಂದು ರಜಾ ದಿನ ಗೊತ್ತು ಮಾಡಿದೆವು. ಮಧ್ಯಾಹ್ನ ಮೂರಕ್ಕೆ ಸೇಠ್ ಮೊದಲ ಫೋನ್ ಮಾಡಿದರು: "ಸರ್ವರ್ ಗಯಾ. ನಾಲ್ಕಕ್ಕೆ ಹಳೇ ಮನೆಗೆ ಬನ್ನಿ." ಸರ್ವರ್, ಅಂದರೆ ಆಫೀಸಿನ ಮುಖ್ಯ ಕಂಪ್ಯೂಟರ್, ಹೋಯಿತು ಎಂದು. ಅವರೂ ನಾನೂ ಆ ಹಳೇ ಮನೆಯ ಒಳಕೋಣೆಯಲ್ಲಿ ಗಡಿಯಾರ ನೋಡುತ್ತ ಕೂತೆವು.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗಲೇ ಜನ ಬರತೊಡಗಿದರು. ನನಗೆ ಹೆಮ್ಮೆ. ಬಾಗಿಲ ಸಂದಿಯಿಂದ ಇಣುಕಿದರೆ, ಮೊದಲ ನಾಲ್ಕೈದು ಜನರನ್ನು ಬಿಟ್ಟರೆ ಎಲ್ಲರೂ ಬಿಳಿ ಬಟ್ಟೆ! ಒಂದು ಮಾತೂ ಇಲ್ಲದೆ ಕೈಮುಗಿದು ಜಮಖಾನೆಯ ಮೇಲೆ ಕೂರುತ್ತಿದ್ದಾರೆ. ಸಾವಿನ ಮನೆಗೆ ಹೋಗಿ ಕೂತು ಬರುವಾಗ ಆ ಕಡೆ ಹೀಗೇ ಹೋಗುತ್ತಾರೆ. ಸರಪಳಿಯಲ್ಲಿ ಎಲ್ಲೋ ಐದನೆಯವರ ಫೋನು ಗೊರಗೊರ ಎಂದು, 'ಸರ್ವರ್ ಗಯಾ' ಎಂಬುದು 'ಸೇಠ್ ಗಯಾ' ಆಗಿ, ನೆಂಟರಿಷ್ಟರಿಗೂ ಹಬ್ಬಿಬಿಟ್ಟಿತ್ತು.

ನಾನು ಹೊರಗೆ ಓಡಲು ಎದ್ದೆ. ಸೇಠ್ ತಡೆದರು. "ತಾಳಿ ಬೆನ್. ಏನು ಮಾತಾಡ್ತಾರೋ ಕೇಳೋಣ."

ಹೊರಗೆ ಒಬ್ಬರು ನಿಟ್ಟುಸಿರಿಟ್ಟರು: "ಬೈಯುತ್ತಿದ್ದರು, ಆದರೆ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ."

"ಇಟ್ಟುಕೊಂಡಿದ್ದೀನಿ," ಎಂದು ಸೇಠ್ ನನ್ನ ಕಿವಿಯಲ್ಲಿ ಹೇಳಿದರು.

ಅಷ್ಟರಲ್ಲಿ ದಪ್ಪ ಕನ್ನಡಕದ ಒಬ್ಬರು ಬಿಕ್ಕಿ ಬಿಕ್ಕಿ ಅಳುತ್ತ ಒಳಬಂದರು. ಸೇಠ್ ಬಾಗಿಲ ಚೌಕಟ್ಟು ಹಿಡಿದುಕೊಂಡರು. "ನನ್ನ ತಮ್ಮ. ಮನೆ ಪಾಲಾದ ಮೇಲೆ ಹನ್ನೊಂದು ವರ್ಷ ಮಾತಿಲ್ಲ" ಎಂದರು. ಮತ್ತೆ ನನ್ನ ಮಾತಿಗೆ ಕಾಯದೆ ಬಾಗಿಲು ತೆಗೆದು ಹೊರಗೆ ಹೋದರು.

ಇಬ್ಬರು ಕಿರುಚಿದರು. ಒಬ್ಬರು ಚಪ್ಪಲಿ ಬಿಟ್ಟು ರಸ್ತೆಗೆ ಓಡಿದರು. ತಮ್ಮ ಮಾತ್ರ ಕನ್ನಡಕ ತೆಗೆದು ಒರೆಸಿಕೊಂಡು, ಹಾಕಿಕೊಂಡು, ಅಣ್ಣನನ್ನು ಅಡಿಯಿಂದ ಮುಡಿವರೆಗೆ ನೋಡಿ ಕೂಗಾಡಿದರು: "ಬದುಕಿದ್ದೀಯ ಅಂತ ಗೊತ್ತಿದ್ದರೆ ನಾನು ಬರ್ತಾನೇ ಇರಲಿಲ್ಲ!"

"ಬಂದಾಯ್ತಲ್ಲ, ಕೂತ್ಕೋ. ಚಾ ಕುಡಿದು ಹೋಗು," ಎಂದರು ಸೇಠ್.

ತಮ್ಮ ಬೈಯುತ್ತಲೇ ಕೂತರು. ಬೈಯುತ್ತಲೇ ಮೂರು ಲೋಟ ಚಾ ಕುಡಿದರು.

ಮರುದಿನ ನನ್ನ ವರದಿಯಲ್ಲಿ ಪ್ರಾಮಾಣಿಕವಾಗಿ 'ಸಂದೇಶ ತಪ್ಪಾಗಿ ತಲುಪಿದೆ, ಪರೀಕ್ಷೆ ವಿಫಲ' ಎಂದು ಬರೆದು ಒಯ್ದೆ. ಸೇಠ್ ಓದಿ, ಪೆನ್ನು ತೆಗೆದು, 'ವಿಫಲ' ಎಂಬುದನ್ನು ಹೊಡೆದುಹಾಕಿದರು.

"ಹನ್ನೊಂದು ವರ್ಷದಿಂದ ಬಾರದವನು ಒಂದು ಗಂಟೆಯೊಳಗೆ ಬಂದ. ಇದು ವಿಫಲವಾ?" ಎಂದು ಕೇಳಿ, ಪೆನ್ನಿನ ಮುಚ್ಚಳ ಹಾಕುತ್ತ ದನಿ ತಗ್ಗಿಸಿದರು: "ಬೆನ್, ನನ್ನ ಹೆಂಡತಿಯ ತಮ್ಮನೂ ಮಾತು ಬಿಟ್ಟಿದ್ದಾನೆ. ಮುಂದಿನ ಪರೀಕ್ಷೆ ಯಾವಾಗ?"