ಕ್ಯಾನ್ವಾಸು, ಬಿಳಿ, ಒಂದು

ದೃಶ್ಯಕಲಾ ಮಂಡಳಿಯ ನಿವಾಸ ಯೋಜನೆಯಡಿ ಆ ವರ್ಷ ಒಬ್ಬ ಚಿತ್ರಕಲಾವಿದರಿಗೂ ಒಬ್ಬ ಕ್ಯುರೇಟರಿಗೂ ಮೂರು ತಿಂಗಳ ಮಟ್ಟಿಗೆ ತಲಾ ಒಂದು ಕೋಣೆ ಮಂಜೂರಾಯಿತು. ಮಂಜೂರಾದ ಎರಡೂ ಕೋಣೆಗಳು ಕಟ್ಟಡದಲ್ಲಿ ನಿಜವಾಗಿಯೂ ಇದ್ದವು ಎಂಬುದನ್ನು ಮಂಡಳಿಯ ಹಿರಿಮೆಗಾಗಿ ಮೊದಲೇ ಹೇಳಿಬಿಡಬೇಕು.

ಪ್ರಕಟಣೆ ಹೀಗಿತ್ತು: "ಕಲಾವಿದರು ಮನೆಯ ಜಂಜಾಟ ಮರೆತು ನಿಶ್ಚಿಂತೆಯಿಂದ ಕೆಲಸ ಮಾಡಲು ಅನುವಾಗುವಂತೆ ಕೋಣೆ, ಬೆಳಕು ಮತ್ತು ಸಾಮಗ್ರಿ ಒದಗಿಸಲಾಗುವುದು. ಈ ಹಿಂದೆ ಇಂಥದೇ ನಿವಾಸವೊಂದರಲ್ಲಿ ಇದ್ದ ಬಗ್ಗೆ ಪ್ರಮಾಣಪತ್ರವನ್ನು ಅರ್ಜಿಯೊಂದಿಗೆ ಲಗತ್ತಿಸತಕ್ಕದ್ದು. ಮೊದಲ ಬಾರಿ ಅರ್ಜಿ ಹಾಕುವವರು, ತಾವು ಹಿಂದೆಂದೂ ಬಂದಿರಲಿಲ್ಲವೆಂದು ಯಾವುದಾದರೂ ನಿವಾಸದವರಿಂದ ಬರೆಸಿ ತರತಕ್ಕದ್ದು." ನಾನೂರಕ್ಕೂ ಹೆಚ್ಚು ಅರ್ಜಿ ಬಂದವು. ಬಾರದೇ ಇದ್ದದ್ದಕ್ಕೆ ಸಾಕ್ಷಿ ತಂದವಳು ಒಬ್ಬಳೇ. ಅವಳೇ ಆಯ್ಕೆಯಾದಳು.

ಚಿತ್ರಗಾರ್ತಿಗೆ ಆಗ ನಲವತ್ತಾರು. ಬೀಜದ ಪೊಟ್ಟಣಗಳ ಮೇಲೆ ಅಚ್ಚಾಗುವ ಟೊಮೇಟೊ, ಮೂಲಂಗಿ, ಎಲೆಕೋಸು ಬರೆದುಕೊಡುವುದು ಹೊಟ್ಟೆಪಾಡು. ವಾಸ ಅಣ್ಣನ ಮನೆಯಲ್ಲಿ. ಬೆಳಗಿನ ತಟ್ಟೆ ಎದ್ದ ಮೇಲೆ ಮಧ್ಯಾಹ್ನದ ತಟ್ಟೆ ಬರುವ ತನಕ ಊಟದ ಮೇಜಿನ ಅರ್ಧ ಭಾಗ ಅವಳದು. ಹೀಗಾಗಿ ಅವಳ ಚಿತ್ರಗಳೆಲ್ಲ ತಟ್ಟೆಯ ಅಳತೆಯವು. ಇದರಿಂದ ಯಾರಿಗೂ ತೊಂದರೆ ಇರಲಿಲ್ಲ, ಅವಳ ಅಮ್ಮನೊಬ್ಬಳನ್ನು ಬಿಟ್ಟು. ಅಮ್ಮ ಮೂವತ್ತೊಂದು ವರ್ಷ ಹೊಲಿಗೆ ಯಂತ್ರ ತುಳಿದು ಇಬ್ಬರು ಮಕ್ಕಳನ್ನು ಸಾಕಿ, ಒಂದು ಮಧ್ಯಾಹ್ನ ಆ ಯಂತ್ರದ ಮೇಲೆಯೇ ತಲೆಯಿಟ್ಟು ಹೋದವಳು. ಮಗಳು ಆಕೆಯನ್ನು ನೂರಾರು ಸಲ ಬರೆದಿದ್ದಳು. ತಟ್ಟೆಯಗಲದ ಕಾಗದದಲ್ಲಿ ಮುಖ ಬಂದರೆ ಕಾಲು ಬರುತ್ತಿರಲಿಲ್ಲ, ಕಾಲು ಬಂದರೆ ಮುಖ ಬರುತ್ತಿರಲಿಲ್ಲ. ಎರಡನ್ನೂ ತುರುಕಿದರೆ ಅಮ್ಮ ಮೂಲಂಗಿಯಷ್ಟಾಗುತ್ತಿದ್ದಳು. ಮುಖದಿಂದ ಪಾದದವರೆಗೆ, ಆಳೆತ್ತರ, ಒಂದೇ ಒಂದು ಸಲ ಅಮ್ಮನನ್ನು ಬರೆಯಬೇಕು. ಅದೊಂದಾದರೆ ಆಮೇಲೆ ಬದುಕಿರುವಷ್ಟು ದಿನ ಎಲೆಕೋಸು ಬರೆಯಲೂ ಅವಳು ತಯಾರಿದ್ದಳು.

ಸುದ್ದಿ ಕೇಳಿದ ಅತ್ತಿಗೆ, ಹಾಗಾದರೆ ಮೂರು ತಿಂಗಳು ಮೇಜು ಪೂರ್ತಿ ತನ್ನದೇ ತಾನೇ ಎಂದು ಎರಡು ಸಲ ಖಾತ್ರಿ ಮಾಡಿಕೊಂಡಳು. ಖಾತ್ರಿಯಾದ ಮೇಲೆ ನಾದಿನಿಗೆ ಹೊಸ ಚಪ್ಪಲಿ ತಂದುಕೊಟ್ಟಳು.

ಕೋಣೆಯನ್ನು ವಹಿಸಿಕೊಟ್ಟವರು ಮಂಡಳಿಯ ಉಗ್ರಾಣಾಧಿಕಾರಿ. ಇಲ್ಲಿಗೆ ಬರುವ ಮುಂಚೆ ಅವರು ಹತ್ತೊಂಬತ್ತು ವರ್ಷ ಒಂದು ದೊಡ್ಡ ಆಸ್ಪತ್ರೆಯ ಹಾಸಿಗೆ-ಬಟ್ಟೆಗಳ ಉಗ್ರಾಣ ನೋಡಿಕೊಂಡಿದ್ದರು. ಸಾವಿರಾರು ರೋಗಿಗಳು ಬಂದರು, ಹೋದರು, ಒಂದು ದಿಂಬಿನ ಚೀಲವೂ ಆಚೆ ಹೋಗಿಲ್ಲ ಎಂಬುದು ಅವರ ಜೀವಮಾನದ ಹೆಗ್ಗಳಿಕೆ. ಕೋಣೆಯ ನಡುವೆ ನಿಂತು ಅವರು ಪಟ್ಟಿ ಓದಿದರು: ಕಿಟಕಿ ಒಂದು, ಗಾಜು ಹನ್ನೆರಡು, ಅದರಲ್ಲಿ ಬಿರುಕು ಬಿಟ್ಟದ್ದು ಒಂದು, ಕುರ್ಚಿ ಒಂದು, ಬಣ್ಣದ ಟ್ಯೂಬು ಎಂಬತ್ತು, ಕುಂಚ ಹದಿನೆಂಟು, ಕ್ಯಾನ್ವಾಸು, ಬಿಳಿ, ಏಳಡಿಗೆ ಐದಡಿ, ಒಂದು. ಅಷ್ಟು ದೊಡ್ಡ ಬಿಳುಪನ್ನು ಅವಳು ಹಿಂದೆಂದೂ ಕಂಡಿರಲಿಲ್ಲ. ಅದರ ಮೇಲಿನಿಂದ ಕಣ್ಣು ಕೀಳದೆಯೇ ಅವರು ತೋರಿಸಿದ ಕಡೆಯಲ್ಲೆಲ್ಲ ರುಜು ಹಾಕಿದಳು.

ಮಾರನೆಯ ದಿನ ಇದ್ದಿಲಿನಿಂದ ಅಮ್ಮನ ಬೆನ್ನಿನ ಗೆರೆ ಎಳೆದಳು. ಮೂರನೆಯ ದಿನ ವಾರದ ತಪಾಸಣೆಗೆ ಬಂದ ಉಗ್ರಾಣಾಧಿಕಾರಿ ಬಾಗಿಲಲ್ಲೇ ನಿಂತರು. ಆಮೇಲೆ ಮೆಲ್ಲಗೆ ಬಂದು ಕುರ್ಚಿಯಲ್ಲಿ ಕೂತರು.

"ಅಮ್ಮಾ, ಇದು ಸಾಬೂನಿಗೆ ಹೋಗುತ್ತಾ?"

ಅವಳಿಗೆ ಅರ್ಥವಾಗಲಿಲ್ಲ. ಅವರು ಬೇಸರಿಸದೆ ಬಿಡಿಸಿ ಹೇಳಿದರು. ಮಂಡಳಿಯ ನಿಯಮದಂತೆ ಬಣ್ಣ, ಕುಂಚ ಖರ್ಚಾಗುವ ಬಾಬ್ತು. ಕ್ಯಾನ್ವಾಸು ಹಾಗಲ್ಲ, ಅದು ನೇಯ್ದ ವಸ್ತು. ಆದ್ದರಿಂದ ಪರದೆ, ಹೊದಿಕೆ, ಮೇಜಿನ ಹಾಸುಗಳ ಜೊತೆ ಬಟ್ಟೆ ಬಾಬ್ತಿಗೆ ಸೇರುತ್ತದೆ. ಬಟ್ಟೆ ಬಾಬ್ತನ್ನು ಕೊಟ್ಟ ಸ್ಥಿತಿಯಲ್ಲೇ, ಕೊಳೆ, ಗುರುತು, ಬಣ್ಣ ಇಲ್ಲದೆ ಹಿಂದಿರುಗಿಸತಕ್ಕದ್ದು. ಅವಳು ರುಜು ಹಾಕಿದ್ದು ಅದಕ್ಕೇ.

ಇಷ್ಟು ವರ್ಷ ಈ ತೊಡಕು ಯಾಕೆ ಬರಲಿಲ್ಲ ಎಂದು ಯಾರಾದರೂ ಕೇಳಬಹುದು. ಹಿಂದೆ ಆಯ್ಕೆಯಾಗಿದ್ದ ನಾಲ್ವರೂ ಕೋಣೆಯಲ್ಲಿ ಮೂರು ಮೂರು ತಿಂಗಳು ಚಿಂತನೆ ಮಾಡಿ ಹೋಗಿದ್ದರು. ಚಿಂತನೆಯಿಂದ ಬಟ್ಟೆ ಕೊಳೆಯಾಗುವುದಿಲ್ಲ. ಅವರಿಂದ ಪಾಠ ಕಲಿತ ಮಂಡಳಿ ಆ ವರ್ಷ ಹೊಸ ನಿಯಮವನ್ನೂ ತಂದಿತ್ತು: ವಾರಕ್ಕೆ ಆರು ಟ್ಯೂಬು ಬಣ್ಣ ಖರ್ಚಾಗದಿದ್ದರೆ ಕಲಾವಿದರು ಸುಮ್ಮನೆ ಕೂತಿದ್ದಾರೆಂದು ಭಾವಿಸಿ ಕೋಣೆಯನ್ನು ಹಿಂಪಡೆಯಲಾಗುವುದು. ಬಣ್ಣ ಖಾಲಿಯಾಗಬೇಕು, ಕ್ಯಾನ್ವಾಸು ಬೆಳ್ಳಗಿರಬೇಕು. ಚಿತ್ರಗಾರ್ತಿ ಅಡಕತ್ತರಿಯಲ್ಲಿ ಸಿಕ್ಕಿಕೊಂಡಳು. ಮನೆಯಿಂದಲೇ ಬೇರೆ ಕ್ಯಾನ್ವಾಸು ತರುತ್ತೇನೆ ಎಂದಳು. ಗೇಟಿನೊಳಗೆ ಬಂದ ವಸ್ತುವೆಲ್ಲ ಮಂಡಳಿಯ ಪಟ್ಟಿಗೆ ಸೇರುವುದರಿಂದ ಅದನ್ನೂ ಬೆಳ್ಳಗೇ ಹಿಂದಿರುಗಿಸಬೇಕಾಗುತ್ತದೆ ಎಂದು ತಿಳಿಸಲಾಯಿತು.

ಅವಳು ನಿರ್ದೇಶಕರನ್ನು ಕಂಡಳು. ನಿರ್ದೇಶಕರು ಸಜ್ಜನರು, ಎದುರಿಗಿರುವವರು ಯಾರೇ ಆಗಲಿ ಅವರ ಮಾತನ್ನು ಪೂರ್ತಿ ಒಪ್ಪುವವರು. ಅವಳು ಹೇಳಿದ್ದು ನೂರಕ್ಕೆ ನೂರು ಸರಿ ಎಂದರು. ಅವಳು ಎದ್ದುಹೋದ ಮೇಲೆ ಉಗ್ರಾಣಾಧಿಕಾರಿ ಬಂದರು. ಅವರು ಹೇಳಿದ್ದೂ ನೂರಕ್ಕೆ ನೂರು ಸರಿಯಿತ್ತು. ಕ್ಯಾನ್ವಾಸನ್ನು ಖರ್ಚಾಗುವ ಬಾಬ್ತಿಗೆ ವರ್ಗಾಯಿಸಲು ಮೇಲಿನ ಕಚೇರಿಯ ಒಪ್ಪಿಗೆ ಬೇಕು. ಹೋದ ಸಲ ಪರದೆಗಳನ್ನು ಕಿಟಕಿಯ ಬಾಬ್ತಿಗೆ ಸೇರಿಸಿ ಎಂದು ಬರೆದದ್ದಕ್ಕೆ ಎರಡು ವರ್ಷದ ಮೇಲೆ ಒಪ್ಪಿಗೆ ಬಂದಿತ್ತು, ಆ ಹೊತ್ತಿಗೆ ಪರದೆಗಳು ಇರಲಿಲ್ಲ.

ಕೊನೆಗೆ ಕ್ಯುರೇಟರನ್ನು ಕರೆಸಿದರು. ಪಕ್ಕದ ಕೋಣೆಯಲ್ಲಿದ್ದ ಈ ಕಪ್ಪಂಗಿಯ ಯುವಕನ ಕೆಲಸವೆಂದರೆ, ಚಿತ್ರಗಾರ್ತಿ ಬರೆದದ್ದನ್ನು ಮೂರು ತಿಂಗಳ ಕೊನೆಗೆ ಗೋಡೆಗೆ ತೂಗುಹಾಕಿ ಅದರ ಪಕ್ಕದಲ್ಲಿ ಒಂದು ಬರಹ ಅಂಟಿಸುವುದು. ಬರಹವನ್ನು ಅವನು ಮೊದಲ ವಾರವೇ ಬರೆದು ಮುಗಿಸಿದ್ದ. ಚಿತ್ರ ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ, ಇದ್ದು ಇಲ್ಲವಾದರಂತೂ ಬಹಳ ಚೆನ್ನ ಎಂದ. ನಿರ್ದೇಶಕರ ಮುಖ ಅರಳಿತು. ಸಂಜೆಯೊಳಗೆ ಸುತ್ತೋಲೆ ಹೊರಟಿತು:

"ಒಂದು: ಕಲಾವಿದರು ಕ್ಯಾನ್ವಾಸಿನ ಮೇಲೆ ಚಿತ್ರ ಬರೆಯಬಹುದು. ಎರಡು: ಹಿಂದಿರುಗಿಸುವಾಗ ಕ್ಯಾನ್ವಾಸು ಬಿಳಿಯಾಗಿರತಕ್ಕದ್ದು. ಮೂರು: ಒಂದು ಮತ್ತು ಎರಡರ ನಡುವೆ ವಿರೋಧ ಕಂಡುಬಂದಲ್ಲಿ ಬಿಳಿ ಬಣ್ಣವನ್ನು ಒದಗಿಸಲಾಗುವುದು."

ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಮಂಡಳಿಯವರು ಪರಸ್ಪರ ಕೈಕುಲುಕಿದರು.

ಅವಳು ಸುತ್ತೋಲೆಯನ್ನು ಮನೆಗೆ ತಂದು ಅತ್ತಿಗೆಗೆ ತೋರಿಸಿದಳು. ಬರೆದು ಅಳಿಸೋದಕ್ಕೆ ಅಷ್ಟು ದೂರ ಯಾಕೆ ಹೋಗಬೇಕು, ಸ್ಲೇಟು ಮನೆಯಲ್ಲೇ ಇದೆಯಲ್ಲ ಎಂದಳು ಅತ್ತಿಗೆ. ಬಿಟ್ಟು ಬಾ ಎಂದಳು ಆಮೇಲೆ, ಸ್ವಲ್ಪ ಮೆತ್ತಗೆ, ಅರ್ಧ ಮೇಜು ನಿನ್ನದೇ.

"ಬಿಟ್ಟು ಬಂದರೆ ಅಮ್ಮ ಕಾಲಿಲ್ಲದೆ ಉಳೀತಾಳೆ ಅತ್ತಿಗೆ," ಎಂದಳು ಚಿತ್ರಗಾರ್ತಿ. "ಒಂದು ದಿನ ಇದ್ದರೂ ಸಾಕು, ಪೂರ್ತಿ ಇರಲಿ."

ಮಾರನೆಯ ದಿನದಿಂದ ಅವಳು ಕೂತು ಬರೆದಳು, ನಿಂತು ಬರೆದಳು, ಏಣಿ ಹತ್ತಿ ಬರೆದಳು. ಮಗಳಿಗೆ ಅಷ್ಟು ವರ್ಷ ನೆನಪಿಗೇ ಬಾರದಿದ್ದ ಸಂಗತಿಗಳೆಲ್ಲ ಜಾಗ ಸಿಕ್ಕೊಡನೆ ಬಂದವು: ತುಟಿಯ ನಡುವೆ ಕಚ್ಚಿದ ಎರಡು ಗುಂಡುಪಿನ್ನು, ಕುತ್ತಿಗೆಗೆ ಹಾಕಿದ ಅಳತೆ ಪಟ್ಟಿ, ಸೂಜಿಯ ಕಡೆಗೆ ಮಾತ್ರ ಬಾಗುತ್ತಿದ್ದ ತಲೆ, ಹೆಬ್ಬೆರಳಿನ ಒಡೆದ ಉಗುರು. ಉಗ್ರಾಣಾಧಿಕಾರಿ ವಾರಕ್ಕೊಮ್ಮೆ ಬಂದು ಖಾಲಿ ಟ್ಯೂಬುಗಳನ್ನು ಎಣಿಸುತ್ತಿದ್ದರು. ಆರನೆಯ ವಾರದಿಂದ ವಾರಕ್ಕೆ ಎರಡು ಸಲ ಬರತೊಡಗಿದರು. ಆಸ್ಪತ್ರೆಯಲ್ಲಿ ಹೊದಿಕೆ ಹೊಲಿಯುವ ಹೆಂಗಸರನ್ನು ಅವರು ವರ್ಷಗಟ್ಟಲೆ ನೋಡಿದ್ದರು. ತುಳಿಯುವಾಗ ಎರಡು ಪಾದ ಒಂದೇ ಸಾಲಿನಲ್ಲಿ ಇರುವುದಿಲ್ಲ, ಒಂದು ಸ್ವಲ್ಪ ಮುಂದೆ ಇರುತ್ತದೆ ಎಂದು ಒಂದು ದಿನ ಸಂಕೋಚದಿಂದ ತಿಳಿಸಿದರು. ಅವಳು ಕಣ್ಣು ಮುಚ್ಚಿ ನೆನಪಿಸಿಕೊಂಡಳು. ಅವರು ಹೇಳಿದ್ದು ನಿಜ. ಬಲಪಾದವನ್ನು ಒರೆಸಿ ಮುಂದಕ್ಕೆ ತಂದಳು.

ಹನ್ನೆರಡನೆಯ ವಾರ ಅಮ್ಮ ಮುಗಿದಳು. ಮಗಳು ಒಂದು ಇಡೀ ದಿನ ಎದುರಿಗೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ಬಿಳಿ ಬಣ್ಣದ ಡಬ್ಬ ಹಿಡಿದು ಬಂದ ಉಗ್ರಾಣಾಧಿಕಾರಿ ಅದನ್ನು ಕೆಳಗಿಡದೆ ಬಹಳ ಹೊತ್ತು ನಿಂತರು.

"ಇವರು ಹೊಲಿದದ್ದು ಬಿಚ್ಚಿಕೊಳ್ಳೋದಿಲ್ಲ, ಅಲ್ವಾ?" ಎಂದರು.

"ಇಲ್ಲ," ಎಂದಳು.

ಅವರು ಡಬ್ಬಕ್ಕೆ ರುಜು ಹಾಕಿಸಿಕೊಂಡು ಹೋದರು. ಬೇರೆಯವರ ಕೈಗೆ ಕೊಡಲು ಮನಸ್ಸಾಗದೆ ಅವಳೇ ಬಳಿದಳು, ಮುಖದಿಂದ ಶುರುಮಾಡಿ ಕೆಳಕ್ಕೆ. ಒಂದು ಪದರಕ್ಕೆ ಕುಪ್ಪಸದ ಕೆಂಪು ಮುಚ್ಚಲಿಲ್ಲ, ಎರಡಕ್ಕೂ ಮುಚ್ಚಲಿಲ್ಲ. ಮೂರನೆಯದಕ್ಕೆ ಮುಚ್ಚಿತು. ಅವಳು ಕುಂಚ ತೊಳೆಯುತ್ತ ಬಿಕ್ಕಿ ಬಿಕ್ಕಿ ಅತ್ತಳು. ಇದು ವರದಿಯಲ್ಲಿ ಇಲ್ಲ, ಏಕೆಂದರೆ ನಮೂನೆಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಪ್ರದರ್ಶನ ಚೆನ್ನಾಗಿಯೇ ನಡೆಯಿತು. ಗೋಡೆಯ ಮೇಲೆ ಬಿಳಿ ಕ್ಯಾನ್ವಾಸು, ಪಕ್ಕದಲ್ಲಿ ಅದಕ್ಕಿಂತ ಒಂದು ಗೇಣು ಉದ್ದದ ಬರಹ. ಬಂದವರು ಬರಹ ಓದಿ ತಲೆದೂಗಿದರು. ಅತ್ತಿಗೆ ಮಾತ್ರ ಕ್ಯುರೇಟರನ್ನು ಹಿಡಿದು ನಿಲ್ಲಿಸಿ, ನಮ್ಮತ್ತೆಯ ಮುಖ ಇದರಲ್ಲಿ ಯಾವ ಕಡೆಗಿದೆ ಎಂದು ಕೇಳಿದಳು. ಅವನು ಯಂತ್ರದ ಚಕ್ರ ಇದ್ದ ಕಡೆ ಬೆರಳು ತೋರಿಸಿದ. ಅತ್ತಿಗೆ ಅಲ್ಲಿ ತುಸು ಹೊತ್ತು ನೋಡಿದಳು.

"ಇದ್ದಾಗಲೂ ಹೀಗೇ. ನನಗೆ ಮುಖ ಕೊಡ್ತಿರಲಿಲ್ಲ," ಎಂದಳು. ಎಂದವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ತೊಂದರೆ ಬಂದದ್ದು ಹಿಂದಿರುಗಿಸುವ ದಿನ. ಆಸ್ಪತ್ರೆಯಲ್ಲಿ ಬಟ್ಟೆಯನ್ನು ಅಗಸರಿಗೆ ಹಾಕುವಾಗಲೂ ವಾಪಸು ಪಡೆಯುವಾಗಲೂ ತೂಗುವ ಪದ್ಧತಿ. ಉಗ್ರಾಣಾಧಿಕಾರಿ ಆ ಪದ್ಧತಿಯನ್ನು ಇಲ್ಲಿಗೂ ತಂದಿದ್ದರು. ಕ್ಯಾನ್ವಾಸು ಬಿಳಿಯಾಗಿತ್ತು, ಒಂದೇ ಇತ್ತು, ಆದರೆ ಕೊಟ್ಟಾಗ ಇದ್ದದ್ದಕ್ಕಿಂತ ಮೂರೂವರೆ ಕಿಲೋ ಹೆಚ್ಚು ತೂಗಿತು. ಉಗ್ರಾಣದಲ್ಲಿ ಕಡಿಮೆ ಬಂದರೆ ಇಲಿ ತಿಂದಿತು ಎನ್ನಬಹುದು. ಹೆಚ್ಚು ಬಂದರೆ ಏನೆನ್ನುವುದು? ಬಣ್ಣದ ಭಾರ ಎನ್ನುವಂತಿಲ್ಲ, ಎಂಬತ್ತು ಟ್ಯೂಬೂ ಬಿಳಿ ಬಣ್ಣದ ಡಬ್ಬವೂ ಪೂರ್ತಿ ಖರ್ಚಾದವೆಂದು ವಾರವಾರವೂ ರುಜುವಾಗಿತ್ತು. ಖರ್ಚಾದ ವಸ್ತು ಮಂಡಳಿಯಲ್ಲಿ ಇರಲು ಸಾಧ್ಯವಿಲ್ಲ. ಹೆಚ್ಚುವರಿ ಭಾರದ ಸ್ವರೂಪವೇನೆಂದು ಏಳು ದಿನದೊಳಗೆ ಲಿಖಿತವಾಗಿ ತಿಳಿಸಬೇಕೆಂದು ಚಿತ್ರಗಾರ್ತಿಗೆ ಪತ್ರ ಹೋಯಿತು.

ಅವಳು ಅದೇ ದಿನ ಉತ್ತರ ಬರೆದಳು: "ನನ್ನ ತಾಯಿ."

ನಿರ್ದೇಶಕರು ಓದಿ, ನೂರಕ್ಕೆ ನೂರು ಸರಿ ಎಂದರು. ಉಗ್ರಾಣಾಧಿಕಾರಿ ತಮ್ಮ ಅತ್ಯುತ್ತಮ ಅಕ್ಷರದಲ್ಲಿ ದಾಸ್ತಾನು ಪುಸ್ತಕಕ್ಕೆ ಸೇರಿಸಿದರು: "ಹೊಲಿಗೆಯವರು, ಹೆಂಗಸು, ಆಳೆತ್ತರ, ಪಾದಸಹಿತ, ಒಬ್ಬರು. ಕಾಣುವುದಿಲ್ಲ." ಅವಳು ಕ್ಯಾನ್ವಾಸನ್ನು ಮನೆಗೆ ಕೊಡಿ ಎಂದು ಅರ್ಜಿ ಹಾಕಿದಳು. ದಾಸ್ತಾನಿನಲ್ಲಿರುವವರನ್ನು ಹೊರಗೆ ಕಳಿಸಲು ಅವಕಾಶವಿಲ್ಲವೆಂದು ಉತ್ತರ ಬಂತು. ಮೇಲಿನ ಬಿಳಿಯನ್ನಾದರೂ ಕೆರೆಯಬಹುದೇ ಎಂದಳು. ಕೆರೆದರೆ ತೂಕ ಕಡಿಮೆಯಾಗುತ್ತದೆ, ಅದಕ್ಕೆ ಬೇರೆ ವಿಚಾರಣೆ ನಡೆಯಬೇಕಾಗುತ್ತದೆ.

ಇದೆಲ್ಲ ನಡೆದು ಈಗ ಒಂಬತ್ತು ವರ್ಷ. ಸುತ್ತೋಲೆ ಈಗ ನಿಯಮಾವಳಿಯ ಭಾಗ. ಪ್ರತಿ ವರ್ಷ ಒಬ್ಬರು ಬಂದು ಮೂರು ತಿಂಗಳು ಬರೆಯುತ್ತಾರೆ, ಬೆಳ್ಳಗೆ ಮಾಡಿ ಹೋಗುತ್ತಾರೆ. ಅರ್ಜಿಗಳ ಸಂಖ್ಯೆ ಸಾವಿರ ದಾಟಿದೆ. ಉಗ್ರಾಣದಲ್ಲಿ ಹತ್ತು ಬಿಳಿ ಕ್ಯಾನ್ವಾಸುಗಳು ಸಾಲಾಗಿ ನಿಂತಿವೆ. ಅವುಗಳೊಳಗೆ ಒಂದು ರೈಲು ನಿಲ್ದಾಣ, ಇಬ್ಬರು ಮೀನುಗಾರರು, ಮುದಿ ನಾಯಿ, ಬೆಂಕಿ ಬಿದ್ದ ಗ್ರಂಥಾಲಯ ಮೊದಲಾದವು ಇವೆ. ದಾಸ್ತಾನನ್ನು ವರ್ಷಕ್ಕೊಮ್ಮೆ ಕಣ್ಣಾರೆ ಕಂಡು ಖಚಿತಪಡಿಸಬೇಕೆಂಬ ನಿಯಮವಿರುವುದರಿಂದ, ಕಣ್ಣಾರೆ ಕಾಣಬಲ್ಲವರನ್ನು, ಅಂದರೆ ಬರೆದವರನ್ನು, ಆ ದಿನ ಕರೆಸಲಾಗುತ್ತದೆ. ನಿವೃತ್ತರಾದ ಉಗ್ರಾಣಾಧಿಕಾರಿಯೂ ಬರುತ್ತಾರೆ, ಯಾರೂ ಕರೆಯದಿದ್ದರೂ. ಎರಡು ವರ್ಷದಿಂದ ಅತ್ತಿಗೆಯೂ ಬರುತ್ತಿದ್ದಾಳೆ.

ಈ ಸಲ ಪರಿಶೀಲನೆಗೆ ಬಂದ ಅಧಿಕಾರಿ ಹೊಸಬರು. ನಮೂನೆಯನ್ನು ಹಲಗೆಗೆ ಸಿಕ್ಕಿಸಿಕೊಂಡು ಮೊದಲ ಕ್ಯಾನ್ವಾಸಿನ ಮುಂದೆ ನಿಂತರು.

"ಹೊಲಿಗೆಯವರು, ಒಬ್ಬರು. ಇದ್ದಾರಾ?"

ಚಿತ್ರಗಾರ್ತಿ ಮೇಲಿನಿಂದ ಕೆಳಗೆ, ನಿಧಾನವಾಗಿ, ಪೂರ್ತಿ ನೋಡಿದಳು. ಅವಳು ನೋಡಿ ಮುಗಿಸುವವರೆಗೆ ಎಲ್ಲರೂ ಕಾದರು.

"ಇದ್ದಾರೆ."

"ಸ್ಥಿತಿ?"

"ಕೆಲಸ ಮಾಡ್ತಿದ್ದಾರೆ."

ಅಧಿಕಾರಿ ಹಾಗೆಯೇ ಬರೆದುಕೊಂಡರು. ಆಮೇಲೆ ಅವರು ದನಿ ತಗ್ಗಿಸಿ, ಎಲ್ಲರೂ ಸ್ವಲ್ಪ ಆಚೆಗೆ ಬನ್ನಿ, ಹೊಲಿಗೆಯವರ ಬೆಳಕಿಗೆ ಅಡ್ಡವಾಗುತ್ತೆ ಎಂದರು. ಎಲ್ಲರೂ ಕಿಟಕಿ ಬಿಟ್ಟು ಪಕ್ಕಕ್ಕೆ ಸರಿದು ನಿಂತರು.