ಏಕಾಂತಯ್ಯನವರ ಪಿಕಪ್ ಪರೀಕ್ಷೆ

ಅವಮಾನ ಎಲ್ಲಿ ಬೇಕಾದರೂ ಆಗಬಹುದು. ಆದರೆ ಹೆಂಡತಿಯ ತಮ್ಮನ ಮನೆ ಅಂಗಳದಲ್ಲಿ, ನೆಂಟರಿಷ್ಟರ ಎದುರಿಗೆ, ಹೊಟ್ಟೆ ಹಸಿದಿರುವಾಗ ಆಯಿತು ಅಂದರೆ ಅದರ ತೂಕವೇ ಬೇರೆ. ತೂಕದ ಸಮಾಚಾರ ನಮ್ಮ ಏಕಾಂತಯ್ಯನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೂವತ್ತೆರಡು ವರ್ಷ ತೂಕ-ಅಳತೆ ಇಲಾಖೆಯಲ್ಲಿದ್ದು, ಮೈಸೂರಿನ ಅರ್ಧ ತಕ್ಕಡಿಗಳಿಗೆ ಮುದ್ರೆ ಒತ್ತಿ ರಿಟೈರ್ ಆದವರು ಅವರು.

ಆಗಿದ್ದಿಷ್ಟು. ಹೋದ ಕಾರ್ತೀಕದಲ್ಲಿ ನಂಜನಗೂಡಿನಾಚೆಯ ಹಳ್ಳಿಗೆ, ಭಾಮೈದ ಶಿವರುದ್ರಪ್ಪನ ಮನೆಗೆ ಊಟಕ್ಕೆ ಹೋಗಿದ್ದರು. ಚಾಮರಾಜಪುರಂನಿಂದ ತಮ್ಮ ಹಸಿರು ಮೊಪೆಡ್ಡಿನಲ್ಲಿ ಸವಾರಿ. ಹಿಂದೆ ಹೆಂಡತಿ ನೀಲಮ್ಮ, ನೀಲಮ್ಮನ ಮಡಿಲಲ್ಲಿ ಕರ್ಜಿಕಾಯಿ ಡಬ್ಬಿ. ಹೋಗಿ ನೋಡಿದರೆ ಅಂಗಳದ ತುಂಬ ಕಾರುಗಳು. ಶಿವರುದ್ರಪ್ಪ ಜಗಲಿ ಮೇಲಿಂದಲೇ ಕೈ ತೋರಿಸಿ, "ಭಾವ, ಅಲ್ಲಿ ಚಪ್ಪಲಿ ಬಿಟ್ಟಿದಾರಲ್ಲ, ಅದರ ಪಕ್ಕದಲ್ಲೇ ನಿಲ್ಲಿಸ್ಬುಡಿ. ಜಾಗ ಸಾಕಾಗುತ್ತೆ" ಅಂದ.

ಅವನು ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೆ ಏಕಾಂತಯ್ಯನವರಿಗೆ ಆ ಹೊತ್ತಿನ ಊಟ ರುಚಿಸಲಿಲ್ಲ. (ಹೋಳಿಗೆ ಮೂರೇ ತಿಂದರು. ಆರು ತಿನ್ನುವ ಜಾತಕ ಅದು.) ತಮ್ಮ ವಾಹನ, ಹದಿನೆಂಟು ವರ್ಷ ಮಳೆ ಬಿಸಿಲಲ್ಲಿ ದುಡಿದ ವಾಹನ, ಚಪ್ಪಲಿ ಸಾಲಿನಲ್ಲಿ! ಮನೆಗೆ ಬಂದವರೇ ಶಲ್ಯ ಕೊಡವಿ ಘೋಷಿಸಿದರು.

"ನೀಲಾ, ನಾನು ಪಿಕಪ್ ತಗೋತೀನಿ."

"ಏನು ಪಿಕಪ್ಪು? ಸಿಲಿಂಡರ್ ತರ್ತಾರಲ್ಲ, ಅದಾ?"

"ಅದಲ್ಲ ಕಣೆ. ದೊಡ್ಡದು. ನಾಲ್ಕು ಬಾಗಿಲು, ಒಳಗೆ ಐದು ಜನ, ಹಿಂದೆ ಸಾಮಾನು ಹಾಕೋಕೆ ಬಾಡಿ. ನಮ್ಮ ಕಾಂಪೌಂಡಿಗಿಂತ ಎತ್ತರ ಇರುತ್ತೆ."

"ಅಷ್ಟು ಎತ್ತರ ಹತ್ತೋಕೆ ನಿಮ್ಮ ಮಂಡಿ ಒಪ್ಪುತ್ತಾ?"

"ಮಂಡಿ ವಿಷಯ ನಾನು ನೋಡ್ಕೋತೀನಿ, ನೀನು ಸುಮ್ನಿರು."

ನೀಲಮ್ಮ ಯಾವುದಕ್ಕೂ ಬೇಡ ಅನ್ನುವ ಹೆಂಗಸಲ್ಲ. ಬೇಡ ಅಂದರೆ ಜಗಳವಾದರೂ ಆಡಬಹುದಿತ್ತು. ಆಕೆ ಬಟಾಣಿ ಬಿಡಿಸುತ್ತಾ ಹೇಳಿದರು: "ತಗೊಳ್ಳಿ, ನಾನ್ಯಾಕೆ ಅಡ್ಡ ಬರ್ಲಿ? ಆದರೆ ಒಂದು ಪಟ್ಟಿ ಬರೀರಿ. ಗಾಡಿ ಇಲ್ಲದೇ ಈ ಮನೇಲಿ ನಿಂತು ಹೋಗಿರೋ ಕೆಲಸ ಏನೇನಿದೆ ಅಂತ. ಪಟ್ಟೀಲಿ ಕೆಲಸ ಇದ್ರೆ ಗಾಡಿ. ಇಲ್ದಿದ್ರೆ ಇಲ್ಲ."

ಪಟ್ಟಿ ಬರೆಯಿರಿ ಅಂದರೆ ಏಕಾಂತಯ್ಯನವರಿಗೆ ಹಬ್ಬ. ಸರ್ಕಾರಿ ಧಾಟಿಯಲ್ಲಿ, ಅಡಿಗೆರೆ ಎಳೆದು ಏಳು ಬಾಬುಗಳನ್ನು ಬರೆದರು. ಮಗಳು ನಿಶ್ಚಿತಾಳ ವಿಜಯನಗರದ ಮನೆಗೆ ಕಬ್ಬಿಣದ ಬೀರು ತಲುಪಿಸುವುದು. ಹಳೇ ಮಂಚವನ್ನೂ ಅಲ್ಲಿಗೇ ಸಾಗಿಸುವುದು. ಹಿತ್ತಲಿನ ರುಬ್ಬುವ ಕಲ್ಲನ್ನು ಮಠದ ದಾಸೋಹಕ್ಕೆ ಕೊಡುವುದು. ಟೆರೇಸಿನ ಕುಂಡಗಳಿಗೆ ಕೆಮ್ಮಣ್ಣು, ಗೊಬ್ಬರ. ನೀಲಮ್ಮನ ತವರಿನಿಂದ ಅಕ್ಕಿ ಮೂಟೆ. ಅಲ್ಲಿಂದಲೇ ತೆಂಗಿನಕಾಯಿ. ಏಳನೆಯದು: ಹೊಸ ಗಾಡಿಯನ್ನು ಬೆಟ್ಟಕ್ಕೆ ಕೊಂಡೊಯ್ದು ಚಾಮುಂಡಿ ಸನ್ನಿಧಿಯಲ್ಲಿ ಪೂಜೆ ಮಾಡಿಸುವುದು. ನೀಲಮ್ಮ ಓದಿ, ಪಟ್ಟಿಯನ್ನು ಅಡುಗೆಮನೆ ಬಾಗಿಲ ಹಿಂದೆ ಅಂಟಿಸಿದರು.

ಇನ್ನು ಗಾಡಿ ಆರಿಸುವ ಕೆಲಸ. ಬೇರೆಯವರಾಗಿದ್ದರೆ ಬಣ್ಣ ನೋಡಿ ಬುಕ್ ಮಾಡಿಬಿಡುತ್ತಿದ್ದರು. ಏಕಾಂತಯ್ಯನವರ ದಾರಿ ಬೇರೆ. ಹಿಂದೆ ಕುಕ್ಕರ್ ಕೊಳ್ಳಲು ಹೋದಾಗ ಜೇಬಿನಲ್ಲಿ ಒಂದು ಪಾವು ಅಕ್ಕಿ ಇಟ್ಟುಕೊಂಡು ಹೋಗಿ, "ಬೇಯಿಸಿ ತೋರಿಸಿ" ಅಂದವರು. ಛತ್ರಿ ಕೊಳ್ಳುವಾಗ ಅಂಗಡಿಯವನ ಕೈಲಿ ಒಂದು ಬಕೆಟ್ ನೀರು ಸುರಿಸಿಕೊಂಡು, ಒದ್ದೆಯಾದ ಮೇಲೆ ಬೇರೆ ಛತ್ರಿ ಕೇಳಿದವರು. ಈಗ ಮೂರು ಶೋರೂಮುಗಳ ಮೂರು ಪಿಕಪ್ ಗೊತ್ತು ಮಾಡಿಕೊಂಡರು: ಒಂದು ಕರೀದು, ಒಂದು ಬಿಳೀದು, ಒಂದು ಕೆಂಪು. ಉದ್ದನೆಯ ನೋಟ್ ಪುಸ್ತಕದಲ್ಲಿ ಐವತ್ತೆರಡು ಅಂಕಣ ಗೀಚಿ, ಒಂದೊಂದಕ್ಕೂ ಹತ್ತು ಅಂಕ ಇಟ್ಟರು. ಬಾಗಿಲು ಹಾಕಿದಾಗ ಬರುವ ಸದ್ದಿನ ಗಾಂಭೀರ್ಯಕ್ಕೆ ಒಂದು ಅಂಕಣ. ಹಾರನ್ನಿನ ವಿನಯಕ್ಕೆ ಒಂದು. ಇಳಿಯುವಾಗ ಪಂಚೆ ಸಿಕ್ಕಿಕೊಳ್ಳುವ ಸಂಭವಕ್ಕೆ ಒಂದು. ಗಾಜು ಏರಿಸಿದಾಗ ಒಳಗಿನ ನಿಶ್ಶಬ್ದಕ್ಕೆ ಒಂದು.

ಶೋರೂಮಿನವರು ಮೊದಲು ಕಾಫಿ ಕೊಟ್ಟರು. ಎರಡನೇ ಭೇಟಿಗೆ ನೀರು ಕೊಟ್ಟರು. ಐದನೇ ಭೇಟಿಯ ಹೊತ್ತಿಗೆ ಅವರನ್ನು ಕಂಡರೆ ಎಲ್ಲರಿಗೂ ಊಟದ ಸಮಯವಾಗಿಬಿಡುತ್ತಿತ್ತು. ಕೆಂಪು ಗಾಡಿ ಮಾರುವ ಸಾಗರ್ ಅನ್ನುವ ಸೇಲ್ಸ್‌ಮನ್ ಮಾತ್ರ ಒಳ್ಳೆಯವನು, ಓಡಿ ಹೋಗಲು ಗೊತ್ತಾಗುತ್ತಿರಲಿಲ್ಲ.

"ಸರ್, ಟೆಸ್ಟ್ ಡ್ರೈವ್ ನಾಲ್ಕು ಸಲ ಆಯ್ತು. ಇನ್ನೇನು ನೋಡ್ಬೇಕು ಸರ್?"

"ಖಾಲಿ ಓಡ್ಸಿದ್ರೆ ಏನು ಗೊತ್ತಾಗುತ್ತಪ್ಪ? ಖಾಲಿ ತಕ್ಕಡಿ ಎಲ್ಲಾದೂ ಸರಿಯಾಗೇ ಇರುತ್ತೆ. ತೂಕ ಇಟ್ಟಾಗ ತಾನೇ ಬಣ್ಣ ಬಯಲಾಗೋದು! ಲೋಡ್ ಹಾಕಿ ಓಡ್ಸು."

"ಲೋಡ್ ಎಲ್ಲಿಂದ ತರ್ಲಿ ಸರ್?"

ಅಲ್ಲೇ ಸೋಫಾದಲ್ಲಿ ಏಸಿ ಗಾಳಿಗೆ ಕಣ್ಣು ಮುಚ್ಚಿ ಕೂತಿದ್ದ ನೀಲಮ್ಮ ಕಣ್ಣು ಬಿಟ್ಟರು. "ಲೋಡ್ ನಮ್ಮನೇಲಿದೆ ಕಣಪ್ಪ" ಅಂದರು.

ಏಕಾಂತಯ್ಯನವರಿಗೆ ಎದೆ ಉಬ್ಬಿತು. ಕೊನೆಗೂ ಹೆಂಡತಿಗೆ ವೈಜ್ಞಾನಿಕ ದೃಷ್ಟಿ ಬಂತಲ್ಲ! ಮಾರನೇ ದಿನದಿಂದ ಲೋಡ್ ಪರೀಕ್ಷೆ ಶುರು. ಮೂರು ಗಾಡಿಗೂ ಒಂದೇ ತೂಕ ಇರಬೇಕೆಂದು ಹಳೇ ತಕ್ಕಡಿ ತೆಗೆದು ಒಂದೊಂದನ್ನೂ ತೂಗಿಯೇ ಹತ್ತಿಸಿದರು. ಕರಿ ಗಾಡಿಯಲ್ಲಿ ಬೀರೂ ಮಂಚವೂ ವಿಜಯನಗರಕ್ಕೆ ಹೋದವು. ಬಿಳಿ ಗಾಡಿಯಲ್ಲಿ ರುಬ್ಬುವ ಕಲ್ಲು ಮಠಕ್ಕೆ ಹೋಯಿತು. ಬರುವಾಗ ಕೆಮ್ಮಣ್ಣು, ಗೊಬ್ಬರ ಬಂತು. ಏಕಾಂತಯ್ಯನವರು ಮುಂದಿನ ಸೀಟಿನಲ್ಲಿ ಕೂತು, ಹಂಪ್ ಹಾರಿದಾಗಲೆಲ್ಲ "ಆಹಾ, ಏಳೂವರೆ!" ಎಂದು ಬರೆದುಕೊಳ್ಳುತ್ತಿದ್ದರು. ಪ್ರತಿ ಸಲ ವಾಪಸು ಬಂದಾಗ ನೀಲಮ್ಮ ಅಡುಗೆಮನೆ ಬಾಗಿಲ ಹಿಂದೆ ಹೋಗಿ ಏನೋ ಗೀಚಿ ಬರುತ್ತಿದ್ದರು. ಅದನ್ನು ನೋಡಲು ಇವರಿಗೆ ಪುರುಸೊತ್ತೆಲ್ಲಿ?

ಕೆಂಪು ಗಾಡಿಯ ಪರೀಕ್ಷೆಗೆ ನೇರ ನೀಲಮ್ಮನ ತವರಿಗೇ ಹೋದರು. ಸಾಗರ್ ಗಾಡಿಯನ್ನು ಶಿವರುದ್ರಪ್ಪನ ಅಂಗಳದ ನಟ್ಟನಡುವೆ ನಿಲ್ಲಿಸಿದ. (ಎಲ್ಲಿ ನಿಲ್ಲಿಸಬೇಕೆಂದು ಏಕಾಂತಯ್ಯನವರು ನಂಜನಗೂಡಿನಿಂದಲೇ ಹೇಳಿಕೊಡುತ್ತಾ ಬಂದಿದ್ದರು.) ಶಿವರುದ್ರಪ್ಪ ಹೆಗಲ ಮೇಲೆ ಟವೆಲ್ ಹಾಕಿಕೊಂಡೇ ಓಡಿ ಬಂದ.

"ಅಬ್ಬಬ್ಬಾ! ಭಾವ, ನಿಮ್ದಾ?"

"ಆಗೋದ್ರಲ್ಲಿದೆ" ಅಂದರು ಏಕಾಂತಯ್ಯನವರು, ಇಳಿಯದೇ. ಆ ಒಂದು ಮಾತಿಗಾಗಿ ಅವರು ಆರು ತಿಂಗಳು ಕಾದಿದ್ದರು.

ಆಮೇಲೆ ಇಳಿದು, ಜಗಲಿ ಮೇಲೆ ಕೂತು, ಭಾಮೈದನಿಗೆ ಒಂದೂಕಾಲು ಗಂಟೆ ಪಿಕಪ್ ಪುರಾಣ ಹೇಳಿದರು. "ಗಾಡಿ ತಗೋಳೋದು ಅಂದ್ರೆ ತರಕಾರಿ ತಗೊಂಡಂಗಲ್ಲ ಶಿವರುದ್ರಪ್ಪ. ನೋಡು ಇದನ್ನ, ನೋಡಿ ಕಲಿತ್ಕೋ" ಎಂದು ನೋಟ್ ಪುಸ್ತಕವನ್ನೇ ಕೈಗೆ ಕೊಟ್ಟರು. ಐನೂರ ಇಪ್ಪತ್ತಕ್ಕೆ ಕೆಂಪಿಗೆ ನಾನೂರ ಮೂವತ್ತೊಂದು, ಕರಿಗೆ ನಾನೂರ ಇಪ್ಪತ್ತೆಂಟು, ಬಿಳಿ ಎಲ್ಲೋ ಕೆಳಗೆ. ಶಿವರುದ್ರಪ್ಪ ಭಕ್ತಿಯಿಂದ ಪುಟ ಪುಟವನ್ನೂ ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡ. ಅಷ್ಟರಲ್ಲಿ ನೀಲಮ್ಮ ಅಕ್ಕಿ ಮೂಟೆ, ತೆಂಗಿನಕಾಯಿ ಹಾಕಿಸಿ ಮುಗಿಸಿದ್ದರು.

ಅಂಕಗಳನ್ನು ಮೂರು ಸಲ ಕೂಡಿ ತಾಳೆ ನೋಡಲು ಮತ್ತೆ ಹದಿನೈದು ದಿನ ಬೇಕಾಯಿತು. ಒಂದು ಶುಕ್ರವಾರ ಬೆಳಿಗ್ಗೆ ವಿಭೂತಿ ಧರಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅಡುಗೆಮನೆಗೆ ಬಂದರು.

"ನೀಲಾ, ತೀರ್ಪು ಬಂತು. ಕೆಂಪು. ಬುಕ್ ಮಾಡೋಕೆ ಹೊರಟೆ."

"ಹೂಂ. ಆ ಬಾಗಿಲ ಹಿಂದೆ ಸ್ವಲ್ಪ ನೋಡ್ಬುಟ್ಟು ಹೊರಡಿ."

ಏಕಾಂತಯ್ಯನವರು ನೋಡಿದರು. ಬೀರು, ಮಂಚ, ಕಲ್ಲು, ಮಣ್ಣು, ಅಕ್ಕಿ, ಕಾಯಿ, ಆರಕ್ಕೂ ಅಂದವಾದ ಟಿಕ್ ಮಾರ್ಕು ಬಿದ್ದಿತ್ತು.

"ಇದೇನೇ ಇದು! ಎಲ್ಲಾ ಕೆಲಸ ಆಗೋಗಿದೆ!"

"ನೀವೇ ಮಾಡ್ಸಿದ್ದು ಕಣ್ರೀ. ಅದೂ ತೂಗಿ ತೂಗಿ."

"ಏಳನೇದು ಬಾಕಿ ಇದೆ!" ಎಂದು ಮುಳುಗುವವರ ಹಾಗೆ ಅದನ್ನು ಹಿಡಿದುಕೊಂಡರು.

"ಗಾಡಿ ಪೂಜೆ ಮಾಡ್ಸೋಕೆ ಅಂತ ಗಾಡಿ ತಗೋತಾರೇನ್ರೀ ಯಾರಾದ್ರೂ?"

ಏಕಾಂತಯ್ಯನವರು ಅಕ್ಕಿ ಮೂಟೆ ಮೇಲೆ ಕುಸಿದು ಕೂತರು. ಕೋಪ ಬರಬೇಕಿತ್ತು, ಬರಲಿಲ್ಲ. ಅಳು ಬರುವ ಹಾಗಾಯಿತು. "ನೀಲಾ, ನಂಗೆ ಬೀರೂ ಬೇಡ, ಮಂಚಾನೂ ಬೇಡ. ಅವತ್ತು ನಿನ್ನ ತಮ್ಮ ಅಷ್ಟು ಜನರ ಮುಂದೆ ನನ್ನ ಗಾಡೀನ ಚಪ್ಪಲಿ ಪಕ್ಕ ನಿಲ್ಲಿಸ್ಬುಟ್ಟ. ಅದು ಇನ್ನೂ ಹೊಟ್ಟೇಲಿ ಉರೀತಾ ಇದೆ" ಅಂದರು.

ನೀಲಮ್ಮನ ಕೈಲಿದ್ದ ಸೌಟು ನಿಂತಿತು. "ಅಯ್ಯೋ ದೇವ್ರೇ, ಇದಕ್ಕಾ ಇಷ್ಟೆಲ್ಲಾ? ಮೊದಲೇ ಬಾಯಿ ಬಿಟ್ಟು ಹೇಳ್ಬಾರದಾ? ಬರ್ಲಿ ಅವನು, ಮಾಡ್ತೀನಿ." ಗಂಡನ ಮುಖ ನೋಡಿ ಆಕೆಗೂ ಪಾಪ ಅನ್ನಿಸಿತು. ಸೆರಗಿನಲ್ಲಿ ಕೈ ಒರೆಸಿಕೊಂಡು, "ಹೋಗ್ಲಿ ಬುಡಿ. ಪಟ್ಟಿ ಹಾಳಾಗೋಗ್ಲಿ. ಅಷ್ಟು ಆಸೆ ಇದ್ರೆ ಹೋಗಿ ಬುಕ್..." ಅನ್ನುವಷ್ಟರಲ್ಲಿ ಬೀದಿಯಲ್ಲಿ ಹಾರನ್ ಕೇಳಿಸಿತು.

ಏಕಾಂತಯ್ಯನವರು ಎದ್ದು ನಿಂತರು. ಅಷ್ಟು ವಿನಯವಂತ ಹಾರನ್ನು ಮೈಸೂರಿನಲ್ಲಿ ಒಂದೇ. ಅದಕ್ಕೆ ಒಂಬತ್ತು ಅಂಕ ಕೊಟ್ಟವರು ಅವರೇ.

ಗೇಟಿನ ಮುಂದೆ ಕೆಂಪು ಪಿಕಪ್ಪು, ಅದರ ಮೂತಿಗೆ ಮಾರುದ್ದದ ಸೇವಂತಿಗೆ ಹಾರ. ಸ್ಟೇರಿಂಗ್ ಹಿಂದಿನಿಂದ ಶಿವರುದ್ರಪ್ಪ ಹಲ್ಲು ಕಿರಿಯುತ್ತಿದ್ದ. "ಭಾವ! ನಿಮ್ಮ ಪುಸ್ತಕ ನೋಡಿದ ಮೇಲೆ ನಾನು ಯೋಚ್ನೆ ಮಾಡೋದೇನಿತ್ತು ಹೇಳಿ? ಹೋದೆ, ಬರೆದುಕೊಟ್ಟೆ, ಬಂದೆ. ಇಷ್ಟು ಪರೀಕ್ಷೆ ಮಾಡಿದೋರನ್ನ ಹುಟ್ಟಿದಾಗಿಂದ ನೋಡಿಲ್ಲ ಅಂದ ಆ ಸಾಗರ್. ಬನ್ನಿ ಬನ್ನಿ, ಬೆಟ್ಟಕ್ಕೆ ಪೂಜೆಗೆ ಹೊರಟಿದೀವಿ. ನೀವಿಲ್ದೆ ಆಗುತ್ತಾ?"

ಮುಂದೆ ಅವನ ಪಕ್ಕದಲ್ಲಿ ನೀಲಮ್ಮನ ತಾಯಿ ಕೂತಿದ್ದರು. ಹಿಂದಿನ ಸೀಟಿನಲ್ಲಿ ಅವನ ಹೆಂಡತಿ ಪವಿತ್ರ, ಮಗಳು ಸಮನ್ವಿತಾ. ನೀಲಮ್ಮ ಹತ್ತಿದರೆ ಐದು. ಏಕಾಂತಯ್ಯನವರು ಆರನೆಯವರು.

"ನೀವು ಹಿಂದೆ ಬಾಡೀಲಿ ಕೂತ್ಕೊಳ್ಳಿ ಭಾವ, ಗಾಳಿ ಚೆನ್ನಾಗಿ ಬರುತ್ತೆ. ಪೂಜೆ ಆಗೋವರೆಗೂ ಹೊಸ ಗಾಡಿ ಒಳಗೆ ಚಪ್ಪಲಿ ಬೇಡ ಅಂತ ಎಲ್ಲಾರದೂ ಹಿಂದೆ ಹಾಕಿದೀವಿ. ಅದರ ಪಕ್ಕದಲ್ಲೇ ಕೂತ್ಬುಡಿ. ಜಾಗ ಸಾಕಾಗುತ್ತೆ."

ತಮ್ಮನಿಗೆ ನಾಲ್ಕು ಮಾತು ಅನ್ನಲೆಂದೇ ಸೊಂಟಕ್ಕೆ ಸೆರಗು ಸಿಕ್ಕಿಸಿ ಬಂದಿದ್ದ ನೀಲಮ್ಮ ಒಮ್ಮೆ ಚಪ್ಪಲಿಗಳನ್ನು ನೋಡಿದರು, ಒಮ್ಮೆ ಗಂಡನನ್ನು ನೋಡಿದರು. ಆಮೇಲೆ ಸಿಕ್ಕಿಸಿದ ಸೆರಗು ಕಿತ್ತು ಬಾಯಿಗೆ ಒತ್ತಿಕೊಂಡು, ಭುಜ ಕುಣಿಸುತ್ತಾ ಒಳಗೆ ಹತ್ತಿ ಬಾಗಿಲು ಹಾಕಿಕೊಂಡರು. ಸದ್ದು ಬಹಳ ಗಂಭೀರವಾಗಿತ್ತು.

ಬೆಟ್ಟದ ತಿರುವುಗಳಲ್ಲಿ ಏಕಾಂತಯ್ಯನವರು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಜಾರಿದರು. ಅವರ ಜೊತೆ ಐದು ಜೊತೆ ಚಪ್ಪಲಿಯೂ ದೃಷ್ಟಿ ತೆಗೆಯುವ ಬೂದುಗುಂಬಳಕಾಯಿಯೂ ಜಾರಿದವು. ಹಿಡಿದುಕೊಳ್ಳೋಣವೆಂದರೆ ಒಂದು ಕಂಬಿ ಇಲ್ಲ. ತಟ್ಟನೆ ಹೊಳೆಯಿತು: ಈ ಅಂಕಣವೇ ಬಿಟ್ಟುಹೋಗಿದೆ! ಕುಂಬಳಕಾಯಿಯನ್ನು ತೊಡೆಯ ನಡುವೆ ಒತ್ತಿ ಹಿಡಿದು, ಜೇಬಿನಿಂದ ಪುಸ್ತಕ ತೆಗೆದು ಐವತ್ಮೂರನೆಯದನ್ನು ಗೀಚಿದರು. ಬಾಡಿಯಲ್ಲಿ ಕೂರುವವರಿಗೆ ಆಧಾರ: ಕೆಂಪಿಗೆ ಸೊನ್ನೆ. ಕರಿ ಗಾಡಿಗೆ ಕಂಬಿ ಇತ್ತು, ಗಟ್ಟಿಯಾಗಿಯೇ ಇತ್ತು. ಒಂಬತ್ತು. ಕೂಡಿದರು. ಕರಿ ಆರು ಅಂಕ ಮುಂದೆ.

"ನಿಲ್ಸೋ ಶಿವರುದ್ರಪ್ಪಾ! ಕರೀದೇ ಫಸ್ಟು ಕಣಯ್ಯಾ, ಕರೀದೇ ಫಸ್ಟು!" ಎಂದು ಹಿಂದಿನ ಗಾಜನ್ನು ಬಡಿದರು. ಒಳಗೆ ಐದೂ ಜನ ನಗುನಗುತ್ತಾ ಮಾತಾಡುತ್ತಿದ್ದರು, ಒಬ್ಬರೂ ತಿರುಗಿ ನೋಡಲಿಲ್ಲ. ಗಾಜು ಏರಿಸಿದಾಗ ಒಳಗಿನ ನಿಶ್ಶಬ್ದಕ್ಕೆ ಕೆಂಪು ಗಾಡಿಗೆ ಹತ್ತಕ್ಕೆ ಹತ್ತು ಕೊಟ್ಟಿದ್ದು ಏಕಾಂತಯ್ಯನವರಿಗೆ ಆಗ ನೆನಪಾಯಿತು.